ದೊಡ್ಡ ರಿವಾಲ್ವರ್ ತಗೋಬೇಕಾ? ಮೊದಲು ಒಂದೇ ಗುಂಡು ಹಾಕಿ ಹೊಡೆದು ನೋಡಿ

ಅಮೆರಿಕದಲ್ಲಿ ಸೆಟಲ್ ಆಗಿ, ಅಲಾಸ್ಕಾ, ಮೊಂಟಾನಾ ಕಡೆ ಮೀನು ಹಿಡಿಯೋಕೆ, ಟ್ರೆಕ್ಕಿಂಗಿಗೆ ಅಂತ ಹೋಗೋ ನಮ್ಮವರು ಕರಡಿ ಭಯಕ್ಕೆ ಮ್ಯಾಗ್ನಂ, ಅಂದ್ರೆ ಜಾಸ್ತಿ ಶಕ್ತಿಯ ತೋಟಾ ಹೊಡೆಯೋ ರಿವಾಲ್ವರ್ ತಗೊಳ್ಳೋಣ ಅಂದ್ಕೋತಾರೆ. ಇಲ್ಲಿ ನಮ್ಮೂರಲ್ಲಿ ಲೈಸೆನ್ಸ್ ಇರೋರಿಗೂ ಸಾಮಾನ್ಯವಾಗಿ ಸಿಗೋದು .32 ರಿವಾಲ್ವರ್ರೇ, ಹಾಗಾಗಿ ಇದು ಅಲ್ಲಿರೋರಿಗೆ ಬರೆದಿದ್ದು.

ಮೊದಲು ಪೇಪರ್ಸ್ ನೋಡ್ಕೊಳ್ಳಿ. ಎಚ್-1ಬಿ, ಸ್ಟೂಡೆಂಟ್ ವೀಸಾದಲ್ಲಿ ಇರೋರು ಫೆಡರಲ್ ಕಾನೂನಿನ ಪ್ರಕಾರ ಗನ್ನೂ ಇಟ್ಕೊಳ್ಳೋ ಹಾಗಿಲ್ಲ, ತೋಟಾನೂ ಇಟ್ಕೊಳ್ಳೋ ಹಾಗಿಲ್ಲ, ಹಂಟಿಂಗ್ ಲೈಸೆನ್ಸ್ ಥರ ಕೆಲವೇ ವಿನಾಯ್ತಿ ಇದೆ, ಫ್ರೆಂಡ್ ಕರೆದ ಅಂತ ಶೂಟಿಂಗ್ ರೇಂಜಿಗೆ ಹೋಗೋ ಮುಂಚೆನೂ ಇದನ್ನ ವಿಚಾರಿಸ್ಕೊಳ್ಳಿ. ಗ್ರೀನ್ ಕಾರ್ಡ್ ಇದ್ರೆ ತಗೋಬಹುದು. ಡೀಲರ್ ಹತ್ರ ಹ್ಯಾಂಡ್‌ಗನ್ ತಗೊಳ್ಳೋಕೆ 21 ವರ್ಷ ಆಗಿರ್ಬೇಕು, ಗನ್ ಖರೀದಿಗಿರೋ ಫೆಡರಲ್ ಫಾರ್ಮ್ 4473 ತುಂಬ್ಬೇಕು, ಜೊತೆಗೆ ಆಯಾ ರಾಜ್ಯದ ರೂಲ್ಸ್ ಬೇರೆ.

ಆಮೇಲೆ ಕ್ಯಾಲಿಬರ್, ಅಂದ್ರೆ ಗುಂಡಿನ ದಪ್ಪ. .44 ಮ್ಯಾಗ್ನಂ ಬಂದಿದ್ದು 1955ರಲ್ಲಿ, ಸ್ಮಿತ್ ಅಂಡ್ ವೆಸನ್ ಕಂಪನಿಯ .500 ಬಂದಿದ್ದು 2003ರಲ್ಲಿ. ಈ .500 ಗುಂಡಿಗೆ 9 ಎಂಎಂ ಗುಂಡಿಗಿಂತ ಹೆಚ್ಚುಕಮ್ಮಿ ಆರೇಳು ಪಟ್ಟು ಶಕ್ತಿ. ಕೇಳೋಕೆ ಮಜಾ, ಆದ್ರೆ ಎರಡನೇ ಗುಂಡಿಗೇ ಕೈ ನಡುಗೋಕೆ ಶುರುವಾದ್ರೆ ಆ ಶಕ್ತಿ ಕಟ್ಕೊಂಡು ಏನ್ಮಾಡ್ತೀರಾ? ನನ್ನ ಕೇಳಿದ್ರೆ .44 ಸಾಕು. ಅದರಲ್ಲಿ ಕಡಿಮೆ ಒದೆಯೋ .44 ಸ್ಪೆಷಲ್ ತೋಟಾ ಹಾಕಿನೂ ಪ್ರಾಕ್ಟೀಸ್ ಮಾಡಬಹುದು, .454 ಕಸುಲ್ ಗನ್ನಲ್ಲಿ .45 ಕೋಲ್ಟ್ ಹಾಕೋ ಹಾಗೆ. ಉಲ್ಟಾ, ಅಂದ್ರೆ ಚಿಕ್ಕ ತೋಟಾದ ಗನ್ನಿಗೆ ದೊಡ್ಡ ತೋಟಾ ಹಾಕೋದು ಮಾತ್ರ ಯಾವತ್ತೂ ಮಾಡಬೇಡಿ. ಚಿಕ್ಕ ತೋಟಾ ಹೊಡೆದಾದ್ಮೇಲೆ ಸಿಲಿಂಡರ್ (ತೋಟಾ ಕೂರೋ, ತಿರುಗೋ ಭಾಗ) ಕ್ಲೀನ್ ಮಾಡಿ, ಇಲ್ಲಾಂದ್ರೆ ಒಳಗೆ ಮಸಿ ಕಟ್ಕೊಂಡು ಉದ್ದ ತೋಟಾ ಸಿಕ್ಕಾಕೊಳ್ಳುತ್ತೆ.

ಹಗುರ ಇದೆ ಅಂತ ಆಸೆಪಟ್ಟು ತಗೋಬೇಡಿ. ತೂಕ ಕಡಿಮೆ ಆದಷ್ಟೂ ಒದೆತ ಜಾಸ್ತಿ, ಆ ಒದೆತಕ್ಕೆ ಸಿಲಿಂಡರಲ್ಲಿ ಉಳಿದಿರೋ ತೋಟಾಗಳ ಬುಲೆಟ್ ಮುಂದಕ್ಕೆ ಜಾರಿ ಸಿಲಿಂಡರ್ ತಿರುಗದೇ ನಿಂತೋಗೋದೂ ಉಂಟು, ಕರಡಿ ಮುಂದೆ ನಿಂತಾಗ ಹಿಂಗಾದ್ರೆ ಮುಗೀತು. ರೂಗರ್ ಸೂಪರ್ ರೆಡ್‌ಹಾಕ್ ಅನ್ನೋ ರಿವಾಲ್ವರ್ ಥರ ಒಂದೂವರೆ ಕೆಜಿ ಇದ್ರೆ ಸೊಂಟಕ್ಕೆ ಭಾರ, ಕೈಗೆ ಹಿತ.

ಈಗ ರೇಂಜಲ್ಲಿ. ಕಿವಿಗೆ ಪ್ಲಗ್ಗೂ ಬೇಕು, ಮೇಲೆ ಮಫ್ಫೂ ಬೇಕು, ಶಬ್ದ 160 ಡೆಸಿಬಲ್ ಹತ್ರ ಹೋಗುತ್ತೆ. ಕಣ್ಣಿಗೆ ಕನ್ನಡಕ. ಗನ್ ಕೈಗೆ ಬಂದ ತಕ್ಷಣ ಬಾಯಿ ಸೇಫ್ ಕಡೆ ಇಟ್ಟು, ಸಿಲಿಂಡರನ್ನ ಪಕ್ಕಕ್ಕೆ ತೆರೆದು ಒಂದೊಂದು ತೂತನ್ನೂ ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ. ಕೊಟ್ಟೋರು ಖಾಲಿ ಇದೆ ಅಂದ್ರೂ ನಂಬಬೇಡಿ.

ಪಿಸ್ತೂಲ್ ಹೊಡೆದು ಅಭ್ಯಾಸ ಇರೋರು ಎಡಗೈ ಹೆಬ್ಬೆರಳನ್ನ ಮುಂದಕ್ಕೆ ಚಾಚ್ತಾರೆ. ಇಲ್ಲಿ ಹಂಗೆ ಮಾಡಬಾರದು, ಸಿಲಿಂಡರ್‌ಗೂ ಬ್ಯಾರೆಲ್‌ಗೂ ಮಧ್ಯೆ ಇರೋ ಸಣ್ಣ ಸಂದಿಯಿಂದ ಬಿಸಿ ಗ್ಯಾಸು ನುಗ್ಗುತ್ತೆ, .500ನಲ್ಲಿ ಅದು ಬೆರಳನ್ನೇ ಸೀಳಿಬಿಡಬಹುದು. ಎರಡೂ ಹೆಬ್ಬೆರಳು ಹಿಂದೆನೇ ಇರ್ಲಿ.

ಇನ್ನು ಅಸಲಿ ವಿಷ್ಯ. ಮೊದಲ ಸಲ ಒಂದೇ ತೋಟಾ ಹಾಕಿ. ಗುಂಡು ಹಾರಿದಾಗ ಗನ್ ಮೇಲಕ್ಕೆ ಎಗರುತ್ತೆ, ಬಿದ್ದೋಗುತ್ತೆ ಅನ್ನೋ ಗಾಬ್ರಿಗೆ ಕೈ ಗಟ್ಟಿ ಹಿಡಿಯುತ್ತೆ, ಆಗ ಗೊತ್ತಿಲ್ಲದೇನೇ ಟ್ರಿಗರ್ ಇನ್ನೊಂದ್ಸಲ ಎಳೆದುಹೋಗುತ್ತೆ, ಅಷ್ಟೊತ್ತಿಗೆ ಬ್ಯಾರೆಲ್ ಆಕಾಶದ ಕಡೆನೋ ನಿಮ್ಮ ತಲೆ ಕಡೆನೋ ತಿರುಗಿರುತ್ತೆ. ಹೊಸಬರ ಕೈಗೆ ತುಂಬಿದ .500 ಕೊಟ್ಟು ವಿಡಿಯೋ ಮಾಡೋರನ್ನ ಕಂಡ್ರೆ ನಂಗೆ ಸಿಟ್ಟೇ ಬರುತ್ತೆ.

ಕ್ಲಿಕ್ ಅಂತು, ಗುಂಡು ಹಾರಲಿಲ್ಲ ಅಂದ್ರೆ ಗುರಿ ಕಡೆನೇ ಹಿಡ್ಕೊಂಡು ಅರ್ಧ ನಿಮಿಷ ಕಾಯಿರಿ, ತಡವಾಗಿ ಹಾರಬಹುದು. ಠುಸ್ ಅಂತ ಸಣ್ಣ ಸದ್ದು ಬಂದ್ರೆ ನಿಲ್ಲಿಸಿಬಿಡಿ, ಬುಲೆಟ್ ಬ್ಯಾರೆಲ್ಲಲ್ಲೇ ಸಿಕ್ಕಿರಬಹುದು.

ಮನೇಲಿ ಮಕ್ಕಳಿರ್ಲಿ ಬಿಡ್ಲಿ ಗನ್ ಲಾಕರಲ್ಲಿ, ತೋಟಾ ಬೇರೆ ಕಡೆ. ಕಾಡಿಗೆ ಹೋಗುವಾಗ ಬೇರ್ ಸ್ಪ್ರೇ (ಕರಡಿ ಓಡಿಸೋ ಖಾರದ ಸ್ಪ್ರೇ) ಕೈಗೆ ಸಿಗೋ ಹಾಗಿರ್ಲಿ, ಕಲಿಯೋಕೂ ಸುಲಭ, ಮೊದಲು ಅದನ್ನೇ ತಗೊಳ್ಳಿ.