ರಕ್ತ ಕಡಿಮೆ ಇದ್ದವರ ಊಟ: ಸೊಪ್ಪಿನ ಜೊತೆ ನಿಂಬೆ, ಕಾಫಿ ಮಾತ್ರ ದೂರ

ಹಿಮೋಗ್ಲೋಬಿನ್ (100 ಮಿ.ಲೀ. ರಕ್ತದಲ್ಲಿ ಎಷ್ಟು ಗ್ರಾಂ ಎಂಬ ಲೆಕ್ಕದಲ್ಲಿ) ಹೆಂಗಸರಲ್ಲಿ 12, ಗರ್ಭಿಣಿಯರಲ್ಲಿ 11, ಗಂಡಸರಲ್ಲಿ 13ಕ್ಕಿಂತ ಕೆಳಗಿಳಿದರೆ ರಕ್ತಹೀನತೆ. ವರದಿ ಕೈಗೆ ಬಂದ ದಿನವೇ ಬೀಟ್‌ರೂಟ್ ಜ್ಯೂಸ್ ಶುರು ಮಾಡುವವರು ಬಹಳ. ಅದರ ಬಣ್ಣ ನೋಡಿ ಮೋಸಹೋಗಬೇಡಿ, 100 ಗ್ರಾಂ ಬೀಟ್‌ರೂಟಿನಲ್ಲಿ 1 ಮಿಲಿಗ್ರಾಂನಷ್ಟೂ ಕಬ್ಬಿಣ ಇರುವುದಿಲ್ಲ. ಹುರುಳಿ, ಅಲಸಂದೆ, ಕಡಲೆಕಾಳು, ಎಳ್ಳು ಎಷ್ಟೋ ಮೇಲು. ಮಾಂಸ ತಿನ್ನುವವರಿಗೆ ಲಿವರ್, ಮಟನ್ ಇನ್ನೂ ಒಳ್ಳೆಯದು. ಆ ಕಬ್ಬಿಣ ಮೈಗೆ ಸುಲಭವಾಗಿ ಹತ್ತುತ್ತದೆ. ಗರ್ಭಿಣಿಯರು ಮಾತ್ರ ಲಿವರ್ ತಿನ್ನಬಾರದು, ಅದರಲ್ಲಿ ವಿಟಮಿನ್ ಎ ಅತಿಯಾಗಿರುತ್ತದೆ.

ಕಾಳು, ಸೊಪ್ಪಿನ ಕಬ್ಬಿಣ ಹಾಗಲ್ಲ. ಜೊತೆಗೆ ಏನು ತಿನ್ನುತ್ತೀರಿ ಅನ್ನುವುದರ ಮೇಲೆ ಅದು ನಿಂತಿದೆ. ಮುದ್ದೆ, ಹುರುಳಿ ಸಾರು ಉಂಡು ಕೈತೊಳೆದ ತಕ್ಷಣ ಕಾಫಿ ಕುಡಿದರೆ ಅದರಲ್ಲಿನ ಪಾಲಿಫಿನಾಲ್‌ಗಳು ಕಬ್ಬಿಣವನ್ನು ಕರುಳಿನಲ್ಲೇ ಹಿಡಿದಿಡುತ್ತವೆ. ಟೀ ಅಂತೂ ಇನ್ನೂ ಕೆಟ್ಟದ್ದು. ಊಟಕ್ಕೆ ಒಂದು ಗಂಟೆ ಮೊದಲು, ಊಟವಾದ ಮೇಲೆ ಒಂದೆರಡು ಗಂಟೆ ಎರಡೂ ಬೇಡ. ಒಬ್ಬರಿಗೆ ಅರ್ಧ ನಿಂಬೆಹಣ್ಣಿನ ರಸವನ್ನು ತಟ್ಟೆಯಲ್ಲೇ ಸಾರು, ಪಲ್ಯದ ಮೇಲೆ ಹಿಂಡಿಕೊಳ್ಳಿ. ಒಲೆಯ ಮೇಲೆ ಕುದಿಯುವಾಗ ಹಿಂಡಿದರೆ ವಿಟಮಿನ್ ಸಿ ಹಾಳಾಗುತ್ತದೆ. ಸೀಬೆಹಣ್ಣು, ಹಸಿ ನೆಲ್ಲಿಕಾಯಿಯೂ ಆದೀತು.

ರಾಗಿಯನ್ನು ಬಿಡಬೇಕಿಲ್ಲ, ಮೊಳಕೆ ಕಟ್ಟಿ ಬಳಸಿ. ರಾತ್ರಿಯಿಡೀ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಒಂದೆರಡು ದಿನಕ್ಕೆ ಬಿಳಿ ಮೊಳಕೆ ಇಣುಕುತ್ತದೆ. ಒಣಗಿಸಿ, ಸಣ್ಣ ಉರಿಯಲ್ಲಿ ಹುರಿದು ಹಿಟ್ಟು ಮಾಡಿಸಿ. ಕಬ್ಬಿಣವನ್ನು ತಡೆಯುವ ಫೈಟೇಟ್ ಇದರಿಂದ ಕಡಿಮೆಯಾಗುತ್ತದೆ. ಬಟ್ಟೆ ತೀರಾ ಒದ್ದೆಯಿದ್ದರೆ ರಾಗಿ ಹುಳಿವಾಸನೆ ಬಂದು ಕೆಡುತ್ತದೆ.

ಹುಣಸೆ, ಟೊಮೆಟೊ ಹಾಕಿದ ಗೊಜ್ಜನ್ನು ಕಬ್ಬಿಣದ ಬಾಣಲೆಯಲ್ಲೇ ಮಾಡಿ, ಹುಳಿಗೆ ಕಬ್ಬಿಣ ಬಿಟ್ಟುಕೊಳ್ಳುತ್ತದೆ. ಆದ ಕೂಡಲೇ ಬೇರೆ ಪಾತ್ರೆಗೆ ಬಗ್ಗಿಸಿ. ಇಲ್ಲದಿದ್ದರೆ ಕಪ್ಪಾಗಿ ಬಾಯಿಗೆ ಒಗರಾಗುತ್ತದೆ.

ಡಾಕ್ಟರು ಕಬ್ಬಿಣದ ಮಾತ್ರೆ ಬರೆದಿದ್ದರೆ ಊಟ ಅದರ ಜೊತೆಗೇ ಹೊರತು ಅದಕ್ಕೆ ಬದಲಲ್ಲ. ಹಾಲು, ಕಾಫಿ, ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ಖಾಲಿ ಹೊಟ್ಟೆಗೆ ತೆಗೆದುಕೊಂಡಾಗ ಓಕರಿಕೆ ಬಂದರೆ ಊಟದ ನಂತರ ತೆಗೆದುಕೊಳ್ಳಿ, ನಿಲ್ಲಿಸಬೇಡಿ. ಮಲ ಕಪ್ಪಾಗುವುದು ಸಹಜ. ಆದರೆ ಡಾಂಬರಿನಂತೆ ಅಂಟಂಟಾಗಿ ನಾರಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಸಾಮಾನ್ಯವಾಗಿ ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸಬೇಕಾಗುತ್ತದೆ, ಮೈಯೊಳಗಿನ ದಾಸ್ತಾನು ತುಂಬುವುದು ಆಗಲೇ.

ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ರಕ್ತ ಇಳಿದಿದ್ದರೆ ಅಲ್ಸರ್, ಮೂಲವ್ಯಾಧಿ ಮುಂತಾದ ಕಡೆ ಎಲ್ಲಾದರೂ ಸೋರುತ್ತಿದೆಯೇ ಎಂದು ಮೊದಲು ಪರೀಕ್ಷೆ ಮಾಡಿಸಿ. ಮನೆತನದಲ್ಲಿ ಥಲಸೀಮಿಯಾ (ವಂಶದಿಂದ ಬರುವ ರಕ್ತದ ಕಾಯಿಲೆ) ಇದ್ದರೆ ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ರಕ್ತಪರೀಕ್ಷೆ) ನೋಡದೆ ಕಬ್ಬಿಣದ ಮಾತ್ರೆ ನುಂಗಬೇಡಿ.