ನಾಲ್ಕು ನಿಕ್ಸಿ ಟ್ಯೂಬು, ಒಂದು ಗಡಿಯಾರ

ಗಾಜಿನ ಬುರುಡೆಯೊಳಗೆ ಕಿತ್ತಳೆ ಬಣ್ಣದಲ್ಲಿ ಅಂಕಿ ಹೊಳೆಯುವ ಹಳೇ ಟ್ಯೂಬುಗಳನ್ನು ನೋಡಿರುತ್ತೀರಿ ಅಲ್ವಾ? ಅವೇ ನಿಕ್ಸಿ ಟ್ಯೂಬ್. 1955ರಲ್ಲಿ ಅಮೆರಿಕದ ಬರೋಸ್ ಕಂಪನಿ ಮಾರುಕಟ್ಟೆಗೆ ತಂದಿತ್ತು, ಎಲ್‌ಇಡಿ ಬಂದಮೇಲೆ ಮೂಲೆ ಸೇರಿದವು. ಒಳಗೆ ಹತ್ತು ಅಂಕಿಗಳು ಒಂದರ ಹಿಂದೊಂದು ನಿಂತಿರುತ್ತವೆ, ಸುತ್ತ ನಿಯಾನ್ ಅನಿಲ. ಯಾವ ಅಂಕಿಗೆ ಕರೆಂಟ್ ಕೊಡುತ್ತೀರೋ ಅದರ ಮೈಗಂಟಿದ ಅನಿಲ ಹೊಳೆಯುತ್ತದೆ.

ಇಂಥ ನಾಲ್ಕರಲ್ಲಿ ಗಂಟೆ, ನಿಮಿಷ ತೋರಿಸುವ ಗಡಿಯಾರ ಮಾಡೋಣ. ಮೊದಲು ಟ್ಯೂಬು. ಸೋವಿಯತ್ ಕಾಲದ ಐಎನ್-12 ತಗೊಳ್ಳಿ, ನಾಲ್ಕು ಬೇಕು, ಒಂದು ಜಾಸ್ತಿ ಇರಲಿ. ಆನ್‌ಲೈನಿನಲ್ಲಿ ಉಕ್ರೇನಿನಿಂದ ತರಿಸಬಹುದು. ಉಳಿದ ಸಾಮಾನಿಗೆ ಬೆಂಗಳೂರಿನ ಎಸ್‌.ಪಿ. ರೋಡ್ ಇದೆ. ಅಂದಹಾಗೆ ಐಎನ್-12ರ 5 ಅಂದರೆ ತಲೆಕೆಳಗಾದ 2, ಟ್ಯೂಬ್ ಕೆಟ್ಟಿದೆ ಅಂದುಕೊಳ್ಳಬೇಡಿ.

ಆಮೇಲೆ ವೋಲ್ಟೇಜ್. 12 ವೋಲ್ಟ್ ಅಡಾಪ್ಟರ್, ಅದನ್ನು 180ಕ್ಕೆ ಏರಿಸುವ ಬೂಸ್ಟ್ ಬೋರ್ಡ್. ಟ್ಯೂಬ್ ಜೋಡಿಸುವ ಮೊದಲೇ ಮಲ್ಟಿಮೀಟರ್ ಹಿಡಿದು ಸರಿ ಮಾಡಿಕೊಳ್ಳಿ. ಪ್ಲಗ್ ಕಿತ್ತರೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ಪ್ಲಗ್ ಕಿತ್ತಿದ್ದೀನಲ್ಲ ಅಂತ ಸುಮ್ನೆ ಬೆರಳಿಟ್ಟು, ಕೈಯಲ್ಲಿದ್ದ ಸ್ಕ್ರೂಡ್ರೈವರ್ ಸೋಫಾ ಕೆಳಗೆ ಹೋಗಿ ಬಿದ್ದಿದ್ದು ನನ್ನದೇ ಕಥೆ.

ಪ್ರತಿ ಟ್ಯೂಬಿನ ಆನೋಡಿಗೆ, ಅಂದರೆ ಪ್ಲಸ್ ಕಾಲಿಗೆ, ಕರೆಂಟ್ ಮಿತಿಯಲ್ಲಿಡುವ ಒಂದೊಂದು ರೆಸಿಸ್ಟರ್ ಬೇಕೇ ಬೇಕು. ಹೊತ್ತಿದ ಟ್ಯೂಬ್ ಸುಮಾರು 140 ವೋಲ್ಟ್ ಹಿಡಿದುಕೊಳ್ಳುತ್ತದೆ, ಮಿಕ್ಕ 40 ರೆಸಿಸ್ಟರ್ ಪಾಲು. 18 ಕಿಲೋ ಓಮ್ ಹಾಕಿದರೆ ಎರಡು ಮಿಲಿಆಂಪಿಗಿಂತ ತುಸು ಹೆಚ್ಚು ಹರಿಯುತ್ತದೆ, ಅಷ್ಟು ಸಾಕು.

ಯಾವ ಅಂಕಿ ಹೊತ್ತಬೇಕು ಅಂತ ಆಯಲು ಟ್ಯೂಬಿಗೊಂದು ಕೆ155ಐಡಿ1 ಐಸಿ. ಇದರ 5 ವೋಲ್ಟ್ ಕಾಲು ಮೂಲೆಯಲ್ಲಿಲ್ಲ, 5ನೇ ಕಾಲಿನಲ್ಲಿದೆ, ಗ್ರೌಂಡ್ 12ರಲ್ಲಿ. ರೂಢಿಬಲದಲ್ಲಿ ವೈರ್ ಹಾಕಿದರೆ ಕೆಟ್ಟಿರಿ. ಅಂಕಿಯನ್ನು ಬೈನರಿಯಲ್ಲಿ (1, 2, 4, 8ರ ಲೆಕ್ಕದಲ್ಲಿ) ತಿಳಿಸಲು ಒಂದು ಐಸಿಗೆ ನಾಲ್ಕು ವೈರಿನಂತೆ ಹದಿನಾರು. ಇಡೀ ಗಡಿಯಾರ ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡ್ ಆರ್ಡುಯಿನೋ ನ್ಯಾನೋ, ಅದರ ಡಿ2ರಿಂದ ಡಿ13ರವರೆಗಿನ ಕಾಲುಗಳು, ಜೊತೆಗೆ ಎ0ಯಿಂದ ಎ3, ಲೆಕ್ಕ ಸರಿಹೋಯಿತು. ಎ4, ಎ5ಕ್ಕೆ ಸಮಯ ಕಾಯುವ ಡಿಎಸ್3231 ಮಾಡ್ಯೂಲ್.

ಇಲ್ಲೇ ನಾನು ಜಾಣತನ ತೋರಿಸಲು ಹೋಗಿದ್ದೆ. ಗಂಟೆಯ ಮೊದಲ ಟ್ಯೂಬಿನಲ್ಲಿ 0, 1, 2 ಬಿಟ್ಟು ಬೇರೇನೂ ಬರುವುದಿಲ್ಲ, ಎರಡೇ ವೈರ್ ಸಾಕು ಅಂತ ಉಳಿದೆರಡನ್ನು ಗ್ರೌಂಡಿಗೆ ಬೆಸುಗೆ ಹಾಕಿಬಿಟ್ಟೆ. ಆದರೆ ಬಹಳ ದಿನ ಹೊತ್ತದ ಅಂಕಿಯ ಮೇಲೆ, ಪಕ್ಕದ ಅಂಕಿಯಿಂದ ಸಿಡಿದ ಲೋಹದ ಕಣ ಕೂತು ಅದು ಮುಂದೆ ಅರ್ಧಂಬರ್ಧ ಹೊಳೆಯುತ್ತದೆ. ಹಾಗಾಗದಿರಲು ದಿನಕ್ಕೆ ಕೆಲವು ನಿಮಿಷ 0ಯಿಂದ 9ರವರೆಗೆ ಓಡಿಸಬೇಕು, ನನ್ನದರಲ್ಲಿ 3ರ ಮೇಲೆ ಹೋಗಲು ದಾರಿಯೇ ಇರಲಿಲ್ಲ! ಒಂದು ಭಾನುವಾರ ಪೂರ್ತಿ ಬೆಸುಗೆ ಬಿಡಿಸುವುದರಲ್ಲೇ ಹೋಯಿತು.

ಸಮಯ ಬದಲಿಸುವ ಬಟನ್ ಬೇಕೆಂದರೆ ಎ6, ಎ7 ಖಾಲಿ ಇವೆ. ಅಲ್ಲಿ ಅನಲಾಗ್ ರೀಡ್ ಮಾತ್ರ ನಡೆಯುತ್ತದೆ, ಬಟನ್ ಒತ್ತದಿದ್ದಾಗ ಕಾಲನ್ನು 5 ವೋಲ್ಟಿನಲ್ಲಿ ಹಿಡಿದಿಡುವ ಪುಲ್‌ಅಪ್ ರೆಸಿಸ್ಟರ್ ಒಳಗೆ ಇಲ್ಲ, ಹೊರಗಿನಿಂದ 10 ಕಿಲೋ ಓಮ್ ಹಾಕಿಕೊಳ್ಳಿ.