ಅಂಬಾಸಡರಿನ ಸೆಲ್ಫ್ ಮೋಟಾರು ಮತ್ತು ಕಣ್ಣಿಗೆ ಕಾಣದ ಮೇಲಿನ ಬೋಲ್ಟು

ನಮ್ಮ ತಂದೆಯವರ ಕಾಲದ 1978ರ ಅಂಬಾಸಡರ್ ಮಾರ್ಕ್ 3 ಇಂದಿಗೂ ತುಮಕೂರಿನ ನಮ್ಮ ಮನೆಯ ಶೆಡ್ಡಿನಲ್ಲಿದ್ದು, ತಿಂಗಳಿಗೆ ಎರಡು ಬಾರಿಯಾದರೂ ರಸ್ತೆಗೆ ಇಳಿಯುತ್ತದೆ. ಕಳೆದ ಬೇಸಿಗೆಯಲ್ಲಿ ದೇವರಾಯನದುರ್ಗದಿಂದ ಇಳಿದು ನಾಮದ ಚಿಲುಮೆಯ ಬಳಿ ಅರ್ಧ ಗಂಟೆ ನಿಲ್ಲಿಸಿ, ಹೊರಡಲೆಂದು ಸೆಲ್ಫ್ (ಎಂಜಿನ್ನನ್ನು ಮೊದಲು ತಿರುಗಿಸಿ ಹತ್ತಿಸುವ ಮೋಟಾರು) ಹೊಡೆದರೆ 'ಟಕ್' ಎಂಬ ಒಂದು ಸದ್ದಿನ ಹೊರತು ಮತ್ತೇನೂ ಆಗಲಿಲ್ಲ. ಹಳೆಯ ಗಾಡಿಯ ಪುಣ್ಯವೆಂದರೆ ಡಿಕ್ಕಿಯಲ್ಲಿ ಎಂಜಿನ್ನನ್ನು ಕೈಯಿಂದ ತಿರುಗಿಸುವ ಹ್ಯಾಂಡಲ್ ಇರುತ್ತದೆ. ಅದನ್ನು ಮುಂದಿನಿಂದ ತೂರಿಸಿ ತಿರುಗಿಸಿ ಮನೆ ಸೇರಿದೆ.

ಊರಿನ ಒಂದು ವರ್ಕ್‌ಶಾಪಿನವರು ಗಾಡಿಯ ಬಾನೆಟ್ಟನ್ನೂ ಸರಿಯಾಗಿ ಎತ್ತದೆ ಬ್ಯಾಟರಿ ಹೋಗಿದೆ ಎಂದು ಹೇಳಿ ಹೊಸದನ್ನು ಹಾಕಿಸಿದರು. ಮೂರು ದಿನ ಸುಮ್ಮನಿದ್ದು, ಎಂಜಿನ್ ಬಿಸಿಯಾದಾಗ ಮತ್ತೆ ಅದೇ ಕತೆಯಾಯಿತು. ಮೊದಲೇ ಮಾಡಬೇಕಾಗಿದ್ದ ಪರೀಕ್ಷೆಯನ್ನು ಆಗ ನಾನೇ ಮಾಡಿದೆ. ಹೆಡ್‌ಲೈಟ್ ಹಾಕಿಕೊಂಡು ಸೆಲ್ಫ್ ಹೊಡೆದಾಗ ದೀಪ ಮಂಕಾಗದೆ ಹಾಗೆಯೇ ಉರಿದರೆ ಕರೆಂಟು ಮೋಟಾರಿನವರೆಗೆ ಹೋಗುತ್ತಿಲ್ಲ, ಅಥವಾ ಒಳಗೆ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ತಾಗುತ್ತಿಲ್ಲ ಎಂದರ್ಥ. ದೀಪ ಆರುವಷ್ಟು ಮಂಕಾದರೆ, ಬ್ಯಾಟರಿ ಸರಿಯಿದ್ದ ಪಕ್ಷದಲ್ಲಿ, ಮೋಟಾರು ಕರೆಂಟನ್ನು ಎಳೆಯುತ್ತಿದೆ ಆದರೆ ತಿರುಗಲಾರದೆ ಹೆಣಗುತ್ತಿದೆ. ನನ್ನ ಗಾಡಿಯ ದೀಪ ಕೆಂಡದ ಬಣ್ಣಕ್ಕೆ ಇಳಿಯಿತು.

ಹೆಣಗಲು ಪಿನಿಯನ್, ಅಂದರೆ ಮೋಟಾರಿನ ಶಾಫ್ಟಿನ ಮೇಲಿನ ಪುಟ್ಟ ಹಲ್ಲುಚಕ್ರ, ಸಿಕ್ಕಿಕೊಂಡಿರುವುದೂ ಕಾರಣವಿರಬಹುದು. ಈ ಗಾಡಿಯದು ಬೆಂಡಿಕ್ಸ್ ಮಾದರಿಯ ಸೆಲ್ಫ್: ಆರ್ಮೇಚರ್ (ಮೋಟಾರಿನ ಒಳಗೆ ತಿರುಗುವ ಭಾಗ) ಗಕ್ಕನೆ ತಿರುಗಿದಾಗ ಪಿನಿಯನ್ನು ಸ್ಕ್ರೂವಿನಂತಹ ತೋಳಿನ ಮೇಲೆ ಜಾರಿ ಎಂಜಿನ್ನಿನ ಹಿಂದಿನ ಭಾರದ ಚಕ್ರವಾದ ಫ್ಲೈವೀಲಿನ ಸುತ್ತಲಿರುವ ಹಲ್ಲಿನ ಬಳೆಗೆ, ಅಂದರೆ ರಿಂಗ್ ಗೇರಿಗೆ, ಕಚ್ಚಿಕೊಳ್ಳುತ್ತದೆ, ಎಂಜಿನ್ ಹತ್ತಿಕೊಂಡ ಕೂಡಲೇ ಅದೇ ವೇಗಕ್ಕೆ ಹಿಂದಕ್ಕೆ ಎಸೆಯಲ್ಪಡುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನು ಹೆಚ್ಚಾಗಿ ಎರಡೇ ಜಾಗಗಳಲ್ಲಿ ನಿಲ್ಲುವುದರಿಂದ ರಿಂಗ್ ಗೇರಿನ ಹಲ್ಲುಗಳು ಆ ಎರಡು ಕಡೆಯೇ ಸವೆಯುತ್ತವೆ, ಪಿನಿಯನ್ ಅಲ್ಲಿ ಸಿಕ್ಕಿ ಬೀಳುತ್ತದೆ. ಅದನ್ನು ಬಿಡಿಸಲೆಂದೇ ಮೋಟಾರಿನ ಮುಂದಿನ ತುದಿಯಲ್ಲಿ, ಪುಟ್ಟ ಮುಚ್ಚಳದ ಅಡಿಯಲ್ಲಿ, ಶಾಫ್ಟನ್ನು ಚೌಕಾಕಾರವಾಗಿ ಕಡೆದಿರುತ್ತಾರೆ. ಅದಕ್ಕೆ ಸ್ಪ್ಯಾನರ್ ಹಾಕಿದರೆ ಶಾಫ್ಟು ಸರಾಗವಾಗಿ ತಿರುಗಿತು. ಎಂಜಿನ್ನಿನಿಂದ ಗಾಡಿಯ ಬಾಡಿಯವರೆಗೆ ಹೋಗುವ ಅರ್ಥ್ ಪಟ್ಟಿಯ ಎರಡು ತುದಿಗಳಿಗೆ ಮೀಟರ್ ಹಿಡಿದು ಸೆಲ್ಫ್ ಹೊಡೆದಾಗ ಕಾಲು ವೋಲ್ಟೂ ಬೀಳಲಿಲ್ಲ. ಹಾಗಾದರೆ ದೋಷ ಮೋಟಾರಿನ ಒಳಗೇ ಇದೆ ಎಂಬ ತೀರ್ಮಾನಕ್ಕೆ ಬಂದೆ.

ತೀರ್ಮಾನ ಸುಲಭ, ಕೈ ತೂರಿಸುವುದು ಕಷ್ಟ. 1489 ಸಿಸಿಯ ಈ ಎಂಜಿನ್ನಿನಲ್ಲಿ ಸೆಲ್ಫ್ ಮೋಟಾರು ಬಲಬದಿಯಲ್ಲಿ, ಡಿಸ್ಟ್ರಿಬ್ಯೂಟರಿಗಿಂತ ಕೆಳಗೆ ಇರುತ್ತದೆ. ಹತ್ತಿರದಲ್ಲೇ ಆಯಿಲ್ ಫಿಲ್ಟರಿನ ಡಬ್ಬಿ ನೇತಾಡುತ್ತಿರುತ್ತದೆ, ಹೊರಬದಿಗೆ ಸ್ಟಿಯರಿಂಗ್ ಶಾಫ್ಟು ಮತ್ತು ಅದರ ಜೊತೆಗೇ ಇಳಿಯುವ ಗೇರ್ ರಾಡುಗಳಿರುತ್ತವೆ. ಹಿಡಿದಿರುವುದು ಎರಡೇ ಬೋಲ್ಟು. ಕೆಳಗಿನದು ಗಾಡಿಯ ಅಡಿಯಲ್ಲಿ ಮಲಗಿದವನಿಗೆ ಕಾಣುತ್ತದೆ. ಮೇಲಿನದು ಮೇಲಿನಿಂದಲೂ ಕೆಳಗಿನಿಂದಲೂ ಕಾಣುವುದಿಲ್ಲ, ಬೆರಳಿನಿಂದ ತಡವಿ ಕಂಡುಕೊಳ್ಳಬೇಕು.

ಮೊದಲು ಬ್ಯಾಟರಿಯ ಅರ್ಥ್ ತಂತಿಯನ್ನು ಬಿಚ್ಚಿ ದೂರ ಸರಿಸಿದೆ, ಏಕೆಂದರೆ ಸೆಲ್ಫಿಗೆ ಬರುವ ದಪ್ಪ ಕೇಬಲ್ಲಿಗೆ ಫ್ಯೂಸ್ ಇರುವುದಿಲ್ಲ, ಸ್ಪ್ಯಾನರ್ ಒಂದು ಕಡೆ ಟರ್ಮಿನಲ್ಲಿಗೂ ಇನ್ನೊಂದು ಕಡೆ ಬಾಡಿಗೂ ತಾಗಿದರೆ ಅಲ್ಲೇ ವೆಲ್ಡಿಂಗ್ ಆಗಿಬಿಡುತ್ತದೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜಾಕ್ ಎತ್ತಿ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿದೆ. ಸೈಜುಗಲ್ಲಿನ ಮೇಲೆ ಗಾಡಿ ನಿಲ್ಲಿಸಿ ಅಡಿಯಲ್ಲಿ ಮಲಗುವವರನ್ನು ಕಂಡಿದ್ದೇನೆ. ಕಲ್ಲು ಸೀಳುವ ಮುನ್ನ ಸೂಚನೆ ಕೊಡುವುದಿಲ್ಲ.

ಮೊದಲ ದಿನ ಫಿಲ್ಟರ್ ಬಿಚ್ಚದೆಯೇ ಕೆಲಸ ಮುಗಿಸುವ ಹಟಕ್ಕೆ ಬಿದ್ದು ಎರಡು ಗಂಟೆ ಮತ್ತು ಮೂರು ಬೆರಳಿನ ಗೆಣ್ಣಿನ ಸಿಪ್ಪೆ ಕಳೆದುಕೊಂಡೆ. ಜೊತೆಗೆ ಸ್ಪ್ಯಾನರಿನ ತಪ್ಪೂ ಇತ್ತು. ಈ ಎಂಜಿನ್ನಿನ ಬೋಲ್ಟುಗಳು ಅಂಗುಲದ ಲೆಕ್ಕದವು. ನನಗೆ ಬೇಕಾಗಿದ್ದದ್ದು 9/16, ಅಂದರೆ 14.29 ಮಿಲಿಮೀಟರ್. 14ರದ್ದು ಏರುವುದಿಲ್ಲ, 15ರದ್ದು ಏರುತ್ತದೆ ಆದರೆ ಮೂಲೆಗಳನ್ನು ಉಜ್ಜಿ ತಲೆಯನ್ನು ಗುಂಡಗೆ ಮಾಡುತ್ತದೆ. ಹಿಂದೆ ಯಾರೋ ಆ ಕೆಲಸವನ್ನು ಅರ್ಧ ಮಾಡಿಯೇ ಇಟ್ಟಿದ್ದರು. ಮರುದಿನ ಅಂತರಸನಹಳ್ಳಿಯ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರು ಆರು ಮೂಲೆಯ ಅಂಗುಲದ ಸಾಕೆಟ್ಟನ್ನೂ ಉದ್ದನೆಯ ರಾಡನ್ನೂ ಕೊಟ್ಟು, "ಫಿಲ್ಟರ್ ತೆಗೀರಿ ಸ್ವಾಮಿ, ದಾರಿ ತಾನಾಗೇ ಬಿಡ್ತದೆ" ಎಂದರು.

ಅವರು ಹೇಳಿದಂತೆಯೇ ಆಯಿತು. ಫಿಲ್ಟರ್ ಡಬ್ಬಿಯನ್ನು ಟ್ರೇ ಹಿಡಿದು ಇಳಿಸಿದ ಮೇಲೆ, ಎರಡು ರಾಡುಗಳನ್ನು ಜೋಡಿಸಿ, ತುದಿಗೆ ಅತ್ತಿತ್ತ ಬಾಗುವ ಜಾಯಿಂಟ್ ಹಾಕಿ ಮುಂದಿನಿಂದ ನೇರವಾಗಿ ತೂರಿಸಿದೆ. ತಂಗಿಯ ಮಗ ಮೇಲಿನಿಂದ ಕೈಯಿಳಿಸಿ, ಸಾಕೆಟ್ಟನ್ನು ಬೆರಳಿನಿಂದ ಬೋಲ್ಟಿನ ತಲೆಗೆ ಕೂರಿಸಿ, "ಈಗ ಹಿಡೀತು ಮಾವ" ಎಂದ ಮೇಲೆ ನಾನು ಕೆಳಗಿನಿಂದ ಎಳೆದೆ. ಹಿಂದಿನ ರಾತ್ರಿಯೇ ಸೀಮೆಎಣ್ಣೆ ಬೆರೆಸಿದ ಎಣ್ಣೆ ಬಿಟ್ಟಿದ್ದರಿಂದ ಒಂದು ಕಿರುಚಾಟದೊಂದಿಗೆ ಬೋಲ್ಟು ಸಡಿಲವಾಯಿತು. ಕೆಳಗಿನ ಬೋಲ್ಟನ್ನು ಪೂರ್ತಿ ಬಿಚ್ಚುವ ಮೊದಲು ಮೋಟಾರಿನ ಅಡಿಗೆ ಮರದ ತುಂಡು ಕೊಡಬೇಕು; ಅದರ ಭಾರ ಎದೆಯ ಮೇಲೆ ಬೀಳುವಂಥದ್ದಲ್ಲ. ಪಿನಿಯನ್ನು ಫ್ಲೈವೀಲನ್ನು ಮುಚ್ಚಿರುವ ಬೆಲ್ ಹೌಸಿಂಗಿನ ಒಳಗಿರುವುದರಿಂದ ಮೊದಲು ಮುಂದಕ್ಕೆ ಎಳೆದು, ಆಮೇಲೆ ಮೂತಿಯನ್ನು ಇಳಿಸಿ ಹೊರತೆಗೆಯಬೇಕು.

ಬಿಚ್ಚಿ ನೋಡಿದರೆ ಆರ್ಮೇಚರಿನ ಮೈಮೇಲೆ, ಒಂದು ತುದಿಯ ಕಡೆಗೆ, ಬೆಳ್ಳಿಯ ಹಾಗೆ ಹೊಳೆಯುವ ಉಜ್ಜುಗೀರುಗಳಿದ್ದವು. ಶಾಫ್ಟನ್ನು ಹಿಡಿದಿಡುವ ಲೋಹದ ಬಳೆ, ಅಂದರೆ ಬುಷ್, ಸವೆದು ಶಾಫ್ಟು ಆಡುತ್ತಿತ್ತು. ಕರೆಂಟು ಹರಿದಾಗ ಅಯಸ್ಕಾಂತದ ಸೆಳೆತಕ್ಕೆ ಆರ್ಮೇಚರ್ ಪಕ್ಕಕ್ಕೆ ವಾಲಿ ಸುತ್ತಲಿನ ಅಯಸ್ಕಾಂತದ ಕಂಬಗಳಿಗೆ ಉಜ್ಜಿ ನಿಲ್ಲುತ್ತಿತ್ತು. ಕೈಯಿಂದ ತಿರುಗಿಸಿದಾಗ ಸರಾಗವೆನಿಸಿದ್ದು ಆ ಸೆಳೆತ ಇಲ್ಲದ್ದರಿಂದಲೇ. ಬುಷ್ ಒಂದನ್ನೇ ಹಾಕಿಸಬಹುದಿತ್ತು, ಆದರೆ ವೈಂಡಿಂಗಿನ ಮೇಲಿನ ವಾರ್ನಿಷ್ ಕಪ್ಪಾಗಿ ಉದುರುತ್ತಿದ್ದುದರಿಂದ ಬೇರೆ ಮೋಟಾರು ಹುಡುಕಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೊದಲು ತೋರಿಸಿದ್ದು ಡೀಸೆಲ್ ಗಾಡಿಯದು. ಹಳೆಯದನ್ನು ಚೀಲದಲ್ಲಿ ಹೊತ್ತೊಯ್ದಿದ್ದರಿಂದ ಪಿನಿಯನ್ನಿನ ಹಲ್ಲೆಣಿಕೆ, ಬೋಲ್ಟುಗಳ ಅಂತರ, ಮೂತಿಯ ಉದ್ದ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿ ಸರಿಯಾದದ್ದನ್ನು ಆರಿಸಲು ಸಾಧ್ಯವಾಯಿತು.

ತಂದದ್ದನ್ನು ಗಾಡಿಗೆ ಹಾಕುವ ಮೊದಲು ವೈಸಿನಲ್ಲಿ ಬಿಗಿದು ಎರಡು ಸೆಕೆಂಡು ಮಾತ್ರ ಕರೆಂಟು ಕೊಟ್ಟು ನೋಡಿದೆ. ಹೊರೆ ಇಲ್ಲದೆ ಈ ಬಗೆಯ ಮೋಟಾರು ವೇಗ ಏರಿಸಿಕೊಳ್ಳುತ್ತಲೇ ಹೋಗುವುದರಿಂದ ಹೆಚ್ಚು ಹೊತ್ತು ಓಡಿಸಬಾರದು. ಬೆಂಡಿಕ್ಸಿನ ತೋಳಿಗೆ ಅಂಗಡಿಯವರು ಧಾರಾಳವಾಗಿ ಗ್ರೀಸ್ ಮೆತ್ತಿದ್ದರು. ಅದು ಕ್ಲಚ್ಚಿನ ಧೂಳು ಹಿಡಿದು ಅಂಟಾಗಿ ಪಿನಿಯನ್ನನ್ನು ಜಾರದಂತೆ ಮಾಡುತ್ತದೆಯಾದ್ದರಿಂದ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದೆ.

ಜೋಡಿಸುವಾಗ ಮೇಲಿನ ಬೋಲ್ಟನ್ನು ಮೊದಲು ಕೈಯಿಂದಲೇ ನಾಲ್ಕು ಸುತ್ತು ಹತ್ತಿಸಿಕೊಂಡು, ಆಮೇಲೆ ಕೆಳಗಿನದನ್ನು ಹಾಕಿ, ಕೊನೆಗೆ ಎರಡನ್ನೂ ಬಿಗಿದೆ. ಮೋಟಾರು ಆ ಬೋಲ್ಟುಗಳ ಮೂಲಕವೇ ಅರ್ಥ್ ಪಡೆಯುವುದರಿಂದ, ಕೂರುವ ಮುಖವನ್ನು ಉಪ್ಪುಕಾಗದದಿಂದ ಲೋಹ ಕಾಣುವವರೆಗೆ ಉಜ್ಜಿದ್ದೆ. ಕೀಲಿ ತಿರುಗಿಸಿದೊಡನೆ ಎಂಜಿನ್ ಹತ್ತಿಕೊಂಡಿತು, ಅದರ ಬೆನ್ನಿಗೇ ಸಿಮೆಂಟು ನೆಲದ ಮೇಲೆ ಎಣ್ಣೆ ಹರಿಯಿತು. ಫಿಲ್ಟರಿನ ಹಳೆಯ ರಬ್ಬರ್ ಉಂಗುರ ಮೇಲಿನ ತೋಡಿನಲ್ಲೇ ಅಂಟಿಕೊಂಡಿದ್ದುದನ್ನು ನೋಡದೆ ಅದರ ಮೇಲೆಯೇ ಹೊಸದನ್ನು ಕೂರಿಸಿದ್ದೆ. ಕೂಡಲೇ ಎಂಜಿನ್ ನಿಲ್ಲಿಸಿ, ಡಬ್ಬಿ ಇಳಿಸಿ, ಹೊಲಿಗೆ ಸೂಜಿಯಿಂದ ಆ ಉಂಗುರವನ್ನು ಎಬ್ಬಿಸಿ ತೆಗೆದು ಮತ್ತೆ ಜೋಡಿಸಿದೆ. ಚೆಲ್ಲಿದ್ದಷ್ಟು ಆಯಿಲ್ ತುಂಬಿದ ಮೇಲೆ ಸೋರಿಕೆ ನಿಂತಿತು. ಮುಂದಿನ ಭಾನುವಾರ ನಾಮದ ಚಿಲುಮೆಯ ಅದೇ ಮರದ ಕೆಳಗೆ, ಅಷ್ಟೇ ಬಿಸಿಯಾಗಿದ್ದ ಎಂಜಿನ್ನನ್ನು ಅರ್ಧ ಗಂಟೆ ನಿಲ್ಲಿಸಿ ಸೆಲ್ಫ್ ಹೊಡೆದೆ. ಹ್ಯಾಂಡಲ್ ಡಿಕ್ಕಿಯಲ್ಲೇ ಉಳಿಯಿತು.